ಹೊಸ್ತಿಲನ್ನು ನೆಲಮಟ್ಟಕ್ಕೆ ಇಳಿಸಿ

ತಿಪಟೂರಿನ ಓದುಗರೊಬ್ಬರ ಪತ್ರ: ನನ್ನ ಒಂಬತ್ತು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ). ನಮ್ಮ ಬಚ್ಚಲಿನ ಬಾಗಿಲು ಎರಡೂವರೆ ಅಡಿ ಅಗಲ. ವೀಲ್‌ಚೇರ್ ಓಡಾಡುವಂತೆ ಮನೆಯನ್ನು ಬದಲಿಸೋಣವೆಂದರೆ ಯಜಮಾನರು, ‘ನಾಳೆ ನಡೆಯುವವನಿಗೆ ಇವತ್ತು ಗೋಡೆ ಏಕೆ ಒಡೆಯಬೇಕು? ಆ ದುಡ್ಡು ಫಿಸಿಯೋಥೆರಪಿಗಿರಲಿ’ ಎನ್ನುತ್ತಾರೆ. ಹೊಸ್ತಿಲು ತೆಗೆಯುವುದು ಅಶುಭವೆಂಬುದು ಅತ್ತೆಯವರ ಮಾತು. ಏನು ಮಾಡಲಿ?

ಉತ್ತರ: ತಾಯಿ, ಫಿಸಿಯೋಥೆರಪಿ ಖಂಡಿತ ಬೇಕು, ಬಿಡಬೇಡಿ. ಆದರೆ ವ್ಯಾಯಾಮ ದಿನಕ್ಕೆ ಒಂದು ಗಂಟೆ. ಮಿಕ್ಕ ಹೊತ್ತೆಲ್ಲ ಹುಡುಗ ಬದುಕಬೇಕಾದದ್ದು ಆ ಮನೆಯಲ್ಲೇ.

ನನ್ನ ಅಕ್ಕನ ಮಗಳಿಗೂ ಇದೇ ತೊಂದರೆ. ಚಿಕ್ಕವಳಿದ್ದಾಗ ಅಕ್ಕ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಚ್ಚಲಿಗೆ ಒಯ್ಯುತ್ತಿದ್ದಳು. ಹನ್ನೆರಡು ತುಂಬುವಷ್ಟರಲ್ಲಿ ಮಗಳು 30 ಕೆ.ಜಿ., ಅಕ್ಕನ ಸೊಂಟಕ್ಕೆ ಬೆಲ್ಟು. ಬಾಡಿಗೆ ಮನೆಯ ಮಾಲೀಕರು ಟೈಲ್ಸ್ ಒಡೆಯುತ್ತದೆಂದು ಗೋಡೆಗೆ ಒಂದು ಕಂಬಿ ಹಾಕಿಸಲೂ ಬಿಡಲಿಲ್ಲ. ಕೊನೆಗೆ ಮನೆಯನ್ನೇ ಬದಲಿಸಿ, ಕಮೋಡಿನ ಪಕ್ಕ ಸ್ಟೀಲಿನ ಹಿಡಿಕಂಬಿ ಹಾಕಿಸಿದರು. ಹುಡುಗಿ ಅದನ್ನು ಹಿಡಿದು, ವೀಲ್‌ಚೇರಿನಿಂದ ಮೆಲ್ಲಗೆ ಆಚೆಗೆ ಜರುಗಿ ಕುಳಿತವಳೇ, ‘ಅಮ್ಮ, ನೀನು ಹೊರಗೆ ಹೋಗಿ ಬಾಗಿಲು ಎಳೆದುಕೋ’ ಎಂದಳು. ಹದಿಮೂರು ವರ್ಷದ ಹೆಣ್ಣುಮಗುವಿಗೆ ಮುಚ್ಚಿದ ಬಾಗಿಲು ದಕ್ಕಿದ್ದು ಅಂದೇ ಮೊದಲು. ಅಕ್ಕ ಹೊರಗೆ ನಿಂತು ಅತ್ತಳು.

ನಿಮ್ಮ ಬಚ್ಚಲಿನ ಬಾಗಿಲು ಎರಡೂವರೆ ಅಡಿ ಎಂದು ಬರೆದಿದ್ದೀರಿ. ಮೂರಡಿ ಮಾಡಿಸಿ, ಹೊರಕ್ಕೆ ತೆರೆಯುವಂತಿರಲಿ. ಒಳಕ್ಕೆ ತೆರೆಯುವ ಬಾಗಿಲಾದರೆ, ಹುಡುಗ ಜಾರಿ ಅದಕ್ಕೇ ಅಡ್ಡ ಬಿದ್ದಾಗ ನೀವು ಒಳಗೆ ಹೋಗಲಾರಿರಿ. ಜಗಲಿ ಒಂದಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದ ಬೇಕು. ಜಾಗ ಸಾಲದೆಂದು ಮೇಸ್ತ್ರಿ ಕಡಿದಾಗಿ ಕಟ್ಟಲು ಹೊರಟರೆ ಒಪ್ಪಬೇಡಿ, ಗೋಡೆಯ ಪಕ್ಕಕ್ಕೆ ತಿರುಗಿಸಿ ಕಟ್ಟಲಿ. ತಿರುಗುವಲ್ಲಿ ಗಾಲಿ ನಿಲ್ಲುವಷ್ಟು ಸಮತಟ್ಟು ಜಾಗವಿರಲಿ.

ಅತ್ತೆಯವರನ್ನು ನೋಯಿಸುವುದು ಬೇಡ. ಹೊಸ್ತಿಲ ಮರವನ್ನು ನೆಲದ ಮಟ್ಟಕ್ಕೆ ಇಳಿಸಿ ಕೂರಿಸಬಹುದು. ಅರಿಸಿನ ಕುಂಕುಮಕ್ಕೆ ಅಲ್ಲೂ ಜಾಗವಿದೆ. ಮೊಮ್ಮಗ ಎಡವದೆ ದಾಟುವ ಹೊಸ್ತಿಲಲ್ಲಿ ಲಕ್ಷ್ಮಿ ಇರುವುದಿಲ್ಲವೆಂದರೆ ನಾನು ಒಪ್ಪಲಾರೆ.

ನನ್ನ ಸಂಕಟ ಬೇರೆಯೂ ಇದೆ. ಮನೆ ಕಟ್ಟುವಾಗ ಆಯ ನೋಡುತ್ತೇವೆ, ಅಡುಗೆಮನೆ ಆಗ್ನೇಯದಲ್ಲಿದೆಯೇ ಎಂದು ಹತ್ತು ಜನರನ್ನು ಕೇಳುತ್ತೇವೆ. ಬಾಗಿಲಲ್ಲಿ ವೀಲ್‌ಚೇರ್ ಹಿಡಿಸುತ್ತದೆಯೇ ಎಂದು ಒಬ್ಬ ಎಂಜಿನಿಯರೂ ಕೇಳುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ವಸತಿ ಯೋಜನೆಗಳಲ್ಲಿ ಶೇ 5ರಷ್ಟು ಮೀಸಲಿಡಬೇಕೆನ್ನುತ್ತದೆ. ಸರಿ, ಮನೆ ಸಿಕ್ಕಿತು. ಅದರ ಶೌಚಾಲಯಕ್ಕೆ ಗಾಲಿ ಹೋಗದಿದ್ದರೆ ಆ ಮಗು ಎಲ್ಲಿಗೆ ಹೋಗಬೇಕು? ಶಿಬಿರದಲ್ಲಿ ವೀಲ್‌ಚೇರ್ ಹಂಚಿ ಫೋಟೊ ತೆಗೆಸಿಕೊಳ್ಳುವವರು ಒಮ್ಮೆ ಆ ಮಕ್ಕಳ ಮನೆಗೂ ಹೋಗಿ ನೋಡಲಿ. ಎಷ್ಟೋ ಮನೆಗಳಲ್ಲಿ ಅದು ಮಡಿಚಿಕೊಂಡು ಜಗಲಿಯ ಮೂಲೆಯಲ್ಲೇ ಧೂಳು ಹಿಡಿದಿದೆ.

ಮೇಸ್ತ್ರಿ ಬಂದ ದಿನ ಟೇಪಿನ ಒಂದು ತುದಿಯನ್ನು ಮಗನ ಕೈಗೆ ಕೊಡಿ. ಸ್ವಿಚ್ಚು ಎಷ್ಟು ಎತ್ತರಕ್ಕಿರಬೇಕೆಂದು ಅವನೇ ಕೈಚಾಚಿ ತೋರಿಸಲಿ.