ಗೇಟ್ ಪಾಸ್ ಬದಲಾಯ್ತು, ಟೇಬಲ್ ಅದೇ

ಪ್ರಶ್ನೆ: ಸಾರ್, ಐಟಿಐ ಮುಗಿಸಿ ಒಂದು ಡಿಫೆನ್ಸ್ ಕಂಪನೀಲಿ ಕೇಬಲ್ ಹಾರ್ನೆಸ್ (ವೈರ್‌ಗಳ ಕಟ್ಟು) ಕಟ್ತಾ ಇದೀನಿ, ಆರು ವರ್ಷ ಆಯ್ತು, ಅಷ್ಟರಲ್ಲಿ ಮೂರು ಕಾಂಟ್ರಾಕ್ಟರ್ ಬಂದೋದ್ರು ನಾನು ಮಾತ್ರ ಅದೇ ಟೇಬಲ್ ಅದೇ ಕ್ರಿಂಪಿಂಗ್ ಟೂಲ್. ಈಗ ನಮ್ ಲೈನೇ ಹೊರಗಡೆ ಕೊಡ್ತಾರಂತೆ. ಎಂಟು ಜನದಲ್ಲಿ ಐದು ಜನ ಬಿಟ್ಟಾಯ್ತು. ಪರ್ಮನೆಂಟ್ ಕೇಳ್ಬಹುದಾ, ಇಲ್ಲ ನಾನೂ ಬಿಡ್ಲಾ?
— ಹೆಸರು ಬೇಡ, ನೆಲಮಂಗಲ

ಉತ್ತರ: ವರ್ಷ ಎಣಿಸಿ ಪರ್ಮನೆಂಟ್ ಆಗಲ್ಲಪ್ಪ. ಕಾಂಟ್ರಾಕ್ಟ್ ಪದ್ಧತಿ ನಿಷೇಧ ಆದ್ರೂ ಕೆಲಸಗಾರರು ತಾನಾಗೇ ಕಂಪನಿ ನೌಕರರಾಗಲ್ಲ ಅಂತ 2001ರಲ್ಲೇ ಸ್ಟೀಲ್ ಅಥಾರಿಟಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಕಾಂಟ್ರಾಕ್ಟೇ ಬರೀ ನಾಟಕ ಅಂತ ಸಾಬೀತು ಮಾಡಿದ್ರೆ ಬೇರೆ ಮಾತು, ಆದ್ರೆ ಅದಕ್ಕೆ ವರ್ಷಗಟ್ಲೆ ಅಲೀಬೇಕು.

ಹೊರಗೆ ಕೊಡೋದೇ ತಪ್ಪು ಅನ್ನಲ್ಲ ನಾನು. ತೇಜಸ್ ಮಾರ್ಕ್ 1ಎ ಯುದ್ಧ ವಿಮಾನ ನೋಡಿ, 2021ರಲ್ಲಿ 83, 2025ರಲ್ಲಿ ಇನ್ನೂ 97 ಆರ್ಡರ್, ಎಚ್‌ಎಎಲ್ ಒಂದೇ ಎಲ್ಲಾ ಮಾಡಕ್ಕಾಗುತ್ತಾ, ರೆಕ್ಕೆ ಕೊಯಮತ್ತೂರಿನ ಎಲ್ ಆಂಡ್ ಟಿ ಇಂದ ಬರುತ್ತೆ, ನಡುವಿನ ಒಡಲು ಹೈದರಾಬಾದಿನ ವೆಮ್ ಇಂದ. ಎಡವಟ್ಟು ಆಗೋದು ಜನಾನೂ ನಟ್ಟು ಬೋಲ್ಟ್ ಥರ ಎಲ್ ಒನ್ ರೇಟಲ್ಲಿ, ಅಂದ್ರೆ ಟೆಂಡರಲ್ಲಿ ಯಾರು ಕಮ್ಮಿ ಹೇಳ್ತಾರೋ ಆ ರೇಟಲ್ಲಿ ತಗೊಂಡಾಗ. ಹೊಸ ಹುಡುಗ ವೈರ್ ಸ್ಟ್ರಿಪ್ ಮಾಡುವಾಗ ಒಂದೆರಡು ಎಳೆ ಕಚ್ಚಿಬಿಟ್ಟಿರ್ತಾನೆ, ಮಲ್ಟಿಮೀಟರ್ ಇಟ್ರೆ ಬೀಪ್ ಅನ್ನುತ್ತೆ, ಎಲ್ಲಾ ಓಕೆ, ವೈಬ್ರೇಷನ್ ಟೆಸ್ಟಿಗೆ ಹೋದಾಗ್ಲೇ ಕೈ ಕೊಡೋದು. ಕಚ್ಚಿದ ಎಳೆ ಕಣ್ಣಿಗೆ ಬೀಳಕ್ಕೆ ವರ್ಷಗಳು ಬೇಕು, ಆ ಕಣ್ಣಿದ್ದ ಐದು ಜನ ನಿಮ್ಮಲ್ಲಿ ಆಗ್ಲೇ ಗೇಟ್ ದಾಟಿದಾರೆ.

ಅದಕ್ಕೇ ಹೇಳೋದು, ಬಿಡಿ, ಆದ್ರೆ ಲೈನ್ ಎಲ್ಲಿಗೆ ಹೋಗುತ್ತೋ ಅಲ್ಲಿಗೇ ಹೋಗಿ. ಆ ವೆಂಡರ್‌ಗೆ ಮೆಷಿನ್ ಸಿಗುತ್ತೆ, ಕೆಲಸ ಗೊತ್ತಿರೋ ಕೈ ಸಿಗಲ್ಲ. ಕಾಂಟ್ರಾಕ್ಟ್ ಬೇಡ, ನಿಮ್ಮ ರೋಲಲ್ಲೇ ತಗೊಳ್ಳಿ ಅಂತ ಧೈರ್ಯವಾಗಿ ಕೇಳಿ. ಹೋಗೋಕೆ ಮುಂಚೆ ಪಿಎಫ್ ಪಾಸ್‌ಬುಕ್ ತೆಗ್ದು ಮೂರು ಕಾಂಟ್ರಾಕ್ಟರೂ ಒಂದೇ ಯುಎಎನ್‌ಗೆ (ನಿಮ್ಮ ಪಿಎಫ್ ನಂಬರ್) ಕಟ್ಟಿದಾರಾ, ನಡುವೆ ಯಾವ ತಿಂಗಳು ಖಾಲಿ ಇದೆ ನೋಡ್ಕೊಳ್ಳಿ. ಸಂಬಳ ಬಾಕಿ ಇಟ್ಟು ಕಾಂಟ್ರಾಕ್ಟರ್ ಓಡಿಹೋದ್ರೆ ಕೊಡೋ ಹೊಣೆ ಕಂಪನೀದೇ, 1970ರ ಕಾಯ್ದೇಲೇ ಇತ್ತು, ಹೊಸ ಲೇಬರ್ ಕೋಡಲ್ಲೂ ಇದೆ. ಗ್ರಾಚ್ಯುಟಿ ಕೇಳಿದ್ರೆ ಪ್ರತಿಯೊಬ್ಬನೂ ನಮ್ಮತ್ರ ಐದು ವರ್ಷ ಆಗಿಲ್ಲ ಅಂತಾನೆ, ಹಾಗಾಗಿ ಮೂರೂ ಅಪಾಯಿಂಟ್‌ಮೆಂಟ್ ಲೆಟರ್, ಹಳೇ ಗೇಟ್ ಪಾಸ್ ಜೆರಾಕ್ಸ್ ಎಲ್ಲಾ ಇಟ್ಕೊಂಡು ಲೇಬರ್ ಆಫೀಸಲ್ಲಿ ಒಂದ್ಸಲ ಕೇಳಿ. ಹಾಂ, ಅನುಭವಕ್ಕೆ ಸಾಕ್ಷಿ ಅಂತ ಡ್ರಾಯಿಂಗ್ ಫೋಟೋ ಮಾತ್ರ ತೆಗೀಬೇಡಿ, ಅಲ್ಲಿಗೆ ಕಥೆ ಮುಗೀತು.

ಪ್ರಶ್ನೆ: ಮಗ ಸರ್ಕಾರಿ ಡಿಫೆನ್ಸ್ ಫ್ಯಾಕ್ಟರೀಲಿ ಅಪ್ರೆಂಟಿಸ್ ಮುಗಿಸ್ತಾ ಇದಾನೆ, ಅಲ್ಲೇ ಕೆಲ್ಸ ಗ್ಯಾರಂಟೀನಾ?
— ಗೃಹಿಣಿ, ತುಮಕೂರು

ಉತ್ತರ: ಇಲ್ಲಮ್ಮ. 1961ರ ಅಪ್ರೆಂಟಿಸ್ ಕಾಯ್ದೇಲಿ ಕೊಡ್ಲೇಬೇಕು ಅಂತಿಲ್ಲ. ಕೊನೇ ಪರೀಕ್ಷೆ ಮಾತ್ರ ತಪ್ಪಿಸದೆ ಬರೆಸಿ, ಆ ಸರ್ಟಿಫಿಕೇಟ್ ಇಲ್ದಿದ್ರೆ ಬೇರೆ ಕಡೆ ಬಾಗಿಲೂ ತೆಗಿಯಲ್ಲ.