ಆಟಿಸಂ ಇರುವ ಮಗನಿಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಹೋಗಬೇಕಾದರೆ ಹೇಗೆ ತಯಾರಾಗಬೇಕು?

ನಿಮ್ಮ ಮಗನಿಗೆ 7 ವರ್ಷ, ಆಟಿಸಂ ಇದೆ, ಆಡುವುದು ಕೆಲವೇ ಮಾತು ಅಂದಿದ್ದೀರಿ. ಹಿಂದಿನ ಸಲ ವೀಸಿಂಗ್ ಜೋರಾದಾಗ ನಾಲ್ಕು ಜನ ಅವನನ್ನು ಅದುಮಿ ಹಿಡಿದು ನೆಬ್ಯುಲೈಜರ್ (ಔಷಧಿಯನ್ನು ಆವಿಯಂತೆ ಮಾಡಿ ಮಾಸ್ಕಿನ ಮೂಲಕ ಕೊಡುವ ಯಂತ್ರ) ಕೊಟ್ಟರು, ಈಗ ಮಾಸ್ಕ್ ಕಂಡರೇ ಕಿರುಚುತ್ತಾನೆ, ಮತ್ತೆ ಹಾಗಾದರೆ ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಉಬ್ಬಸದ ಮಕ್ಕಳನ್ನು ದಿನಾ ನೋಡುತ್ತೇನೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳೂ ಅವರಲ್ಲಿ ಇರುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಾಸ್ಕಿನ ವಿಷಯಕ್ಕೆ ಬರುವ ಮೊದಲು ಅದಕ್ಕಿಂತ ಮುಖ್ಯವಾದದ್ದೊಂದು ಇದೆ. ಉಬ್ಬಸ ಎಷ್ಟು ಜೋರಾಗಿದೆ ಎಂದು ತಿಳಿಯಲು ಡಾಕ್ಟರು ಮಗುವನ್ನು ಮಾತಾಡಿಸುತ್ತಾರೆ. ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಕಾಗದಿದ್ದರೆ ಪರಿಸ್ಥಿತಿ ಗಂಭೀರ ಎಂದು ಲೆಕ್ಕ. ಮೊದಲೇ ಮಾತು ಕಡಿಮೆ ಇರುವ ಮಗುವಿಗೆ ಈ ಅಳತೆ ನಡೆಯುವುದಿಲ್ಲ. ಇನ್ನೊಂದು, ಮೈಗೆ ಆಕ್ಸಿಜನ್ ಕಡಿಮೆಯಾದಾಗ ಯಾವ ಮಗುವಾದರೂ ಚಡಪಡಿಸುತ್ತದೆ, ಕೈಕಾಲು ಬಡಿಯುತ್ತದೆ. ನಿಮ್ಮ ಮಗ ಹಾಗೆ ಮಾಡಿದರೆ ನೋಡುವವರು "ಆಟಿಸಂ ಅಲ್ವಾ, ಹಾಗೇ ಮಾಡ್ತಾನೆ" ಅಂದುಕೊಳ್ಳುವ ಸಾಧ್ಯತೆ ಇದೆ.

ನನಗೆ ಎಲ್ಲಕ್ಕಿಂತ ಹೆದರಿಕೆ ಇದರ ಮುಂದಿನ ಹಂತದ್ದು. ಅಷ್ಟು ಹೊತ್ತು ಕಿರುಚಿ ಒದ್ದಾಡಿದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಸುತ್ತ ಇರುವವರಿಗೆಲ್ಲ ಸಮಾಧಾನ. ಆದರೆ ಆ ಮಗು ಉಸಿರಾಡಿ ಉಸಿರಾಡಿ ಸುಸ್ತಾಗಿ ಸುಮ್ಮನಾಗಿರಬಹುದು. ಎದೆಯ ಸುಯ್ಯೆನ್ನುವ ಸದ್ದು ನಿಂತಿತು ಎಂದರೂ ಅಷ್ಟೇ. ಗಾಳಿ ಒಳಗೆ ಹೊರಗೆ ಆಡುವುದೇ ತೀರಾ ಕಡಿಮೆಯಾದಾಗಲೂ ಆ ಸದ್ದು ನಿಲ್ಲುತ್ತದೆ. ಮಗ ಸುಮ್ಮನಾದಾಗ ಅವನ ಅಂಗಿ ಎತ್ತಿ ನೋಡಿ. ಪಕ್ಕೆಲುಬಿನ ಸಂದಿಯಲ್ಲಿ, ಕುತ್ತಿಗೆಯ ಕೆಳಗಿನ ಗುಳಿಯಲ್ಲಿ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ತುಟಿಯ ಬಣ್ಣ ಬದಲಾಗಿದೆಯಾ? ಕರೆದರೆ ನಿಮ್ಮ ಕಡೆ ತಿರುಗುತ್ತಾನಾ? ಒಂದು ನಿಮಿಷ ಉಸಿರು ಎಣಿಸಿ. 5 ವರ್ಷ ದಾಟಿದ ಮಗುವಿಗೆ ನಿಮಿಷಕ್ಕೆ 30 ದಾಟಿದರೆ, 1ರಿಂದ 5 ವರ್ಷದ ಮಗುವಿಗೆ 40 ದಾಟಿದರೆ ಅದು ಗಂಭೀರ. ಆಗ ಸಂಕೋಚ ಬೇಡ, ನರ್ಸನ್ನು ಗಟ್ಟಿಯಾಗಿ ಕರೆಯಿರಿ. "ಇವನು ಹೀಗೆ ಸುಮ್ಮನಿರುವ ಮಗುವಲ್ಲ" ಎಂದು ನೀವು ಹೇಳುವ ಒಂದು ಮಾತಿಗೆ ಅಲ್ಲಿ ತುಂಬಾ ಬೆಲೆ ಇದೆ.

ಆ ಮಾತನ್ನು ಕಾಗದದ ಮೇಲೂ ತನ್ನಿ. ಒಂದೇ ಪುಟ ಸಾಕು. ಮಗ ಆರಾಮಾಗಿದ್ದಾಗ ಹೇಗಿರುತ್ತಾನೆ, ಎಷ್ಟು ಮಾತಾಡುತ್ತಾನೆ, ನೋವಾದರೆ ಹೇಗೆ ತೋರಿಸುತ್ತಾನೆ, ಮುಟ್ಟಿದರೆ ಆಗದ ಜಾಗ ಯಾವುದು, ಏನು ಕೊಟ್ಟರೆ ಸಮಾಧಾನವಾಗುತ್ತಾನೆ, ಇಷ್ಟನ್ನು ಬರೆಯಿರಿ. ಚೆನ್ನಾಗಿರುವ ದಿನ ಅವನು ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ ಅದನ್ನೂ ಬರೆದಿಡಿ. ದಿನಾ ಕೊಡುವ ಔಷಧಿಗಳ ಹೆಸರು, ಪ್ರಮಾಣ ಇರಲಿ. ತೂಕ ಮರೆಯಬೇಡಿ. ಮಕ್ಕಳಿಗೆ ಎಷ್ಟೋ ಔಷಧಿ ತೂಕದ ಲೆಕ್ಕದಲ್ಲೇ ಕೊಡುವುದು, ಹೆದರಿದ ಮಗು ತೂಕದ ಯಂತ್ರದ ಮೇಲೆ ನಿಲ್ಲುವುದಿಲ್ಲ. ಕೈಬೆರಳಿಗೆ ಆಕ್ಸಿಮೀಟರ್ (ಆಕ್ಸಿಜನ್ ಮಟ್ಟ ಅಳೆಯುವ ಕ್ಲಿಪ್) ಹಾಕಲು ಬಿಡದಿದ್ದರೆ ಕಾಲ್ಬೆರಳಿಗೆ ಹಾಕಬಹುದು, ಮೇಲೆ ಕಾಲುಚೀಲ ಹಾಕಿದರೆ ಎಷ್ಟೋ ಮಕ್ಕಳು ಅದನ್ನು ಮರೆತೇಬಿಡುತ್ತಾರೆ. ಇದನ್ನೂ ಬೇಕಾದರೆ ಬರೆಯಿರಿ.

ಈಗ ಮಾಸ್ಕಿಗೆ ಬರೋಣ. ಉಬ್ಬಸ ಕಡಿಮೆ ಅಥವಾ ಮಧ್ಯಮ ಮಟ್ಟದಲ್ಲಿದ್ದಾಗ ಸಾಲ್ಬುಟಮಾಲ್ (ಉಸಿರಿನ ದಾರಿ ತೆರೆಯುವ ಔಷಧಿ) ಇನ್‌ಹೇಲರನ್ನು ಸ್ಪೇಸರ್ (ಇನ್‌ಹೇಲರಿಗೂ ಮಾಸ್ಕಿಗೂ ನಡುವೆ ಸೇರಿಸುವ ಪ್ಲಾಸ್ಟಿಕ್ ಕೊಳವೆ) ಮೂಲಕ ಕೊಟ್ಟರೆ ನೆಬ್ಯುಲೈಜರಿನಷ್ಟೇ ಕೆಲಸ ಮಾಡುತ್ತದೆ. ಇದು ಚೆನ್ನಾಗಿ ಸಾಬೀತಾದ ವಿಷಯ. ಆದರೂ ಮಗು ಬಂದ ಕೂಡಲೇ ನೆಬ್ಯುಲೈಜರ್ ಹಚ್ಚುವ ಅಭ್ಯಾಸ ಎಷ್ಟೋ ಕಡೆ ಇದೆ. ಆ ಯಂತ್ರದ ಗುರ್ ಸದ್ದು, ಮುಖಕ್ಕೆ ಬಡಿಯುವ ತಣ್ಣನೆಯ ಹೊಗೆಯಂಥ ಆವಿ, ಪ್ಲಾಸ್ಟಿಕ್ ವಾಸನೆ, ಅದೂ ಹತ್ತು ನಿಮಿಷದ ತನಕ. ಸದ್ದು, ಸ್ಪರ್ಶ ಎಲ್ಲವೂ ಚುರುಕಾಗಿ ತಟ್ಟುವ ಮಗುವಿಗೆ ಅದು ಹಿಂಸೆಯೇ. ಸ್ಪೇಸರಿನಲ್ಲಿ ಸದ್ದಿಲ್ಲ. ಒಂದು ಪಫ್ ಒತ್ತಿ, ಐದಾರು ಸಲ ಮಾಮೂಲಿ ಉಸಿರಾಡಿಸಿ, ಮಾಸ್ಕ್ ತೆಗೆದು, ಮತ್ತೆ ಮುಂದಿನ ಪಫ್. ಆಸ್ಪತ್ರೆಯಲ್ಲಿ ಹೀಗೆ ಒಂದು ಸಲಕ್ಕೆ 10 ಪಫ್‌ವರೆಗೂ ಕೊಡುವುದುಂಟು. ಮಧ್ಯೆ ಮಧ್ಯೆ ಬಿಡುವು ಸಿಗುತ್ತದೆ. "ಸ್ಪೇಸರಿನಲ್ಲಿ ಕೊಡಬಹುದಾ?" ಎಂದು ನೀವೇ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಅಳುವ ಮಗುವಿನ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುವುದೂ ಕಡಿಮೆ. ಬಹುಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ. ಹಾಗಾಗಿ ಮಗುವನ್ನು ಸಮಾಧಾನ ಮಾಡುವುದು ಚಿಕಿತ್ಸೆಯ ಭಾಗವೇ. ಒಂದು ಮಾತು ಮಾತ್ರ ನೆನಪಿರಲಿ. ಆಕ್ಸಿಜನ್ ಮಟ್ಟ ಕೆಳಗಿಳಿದಿದ್ದರೆ, ಉದಾಹರಣೆಗೆ ಶೇ. 92ಕ್ಕಿಂತ ಕಡಿಮೆ ಇದ್ದರೆ, ಆಕ್ಸಿಜನ್ ಜೊತೆಗೇ ನೆಬ್ಯುಲೈಜರ್ ಕೊಡಬೇಕಾಗುತ್ತದೆ. ಆಗ ವಾದ ಬೇಡ. ಹಿಡಿಯಲೇಬೇಕಾದರೆ ನಿಮ್ಮ ಮಡಿಲಲ್ಲಿ ಕೂರಿಸಿಕೊಂಡು ಹಿಡಿಯುತ್ತೇನೆ ಅನ್ನಿ.

ಇದೆಲ್ಲ ನಡೆಯಬೇಕಾದರೆ ಅಭ್ಯಾಸ ಮನೆಯಲ್ಲೇ ಶುರುವಾಗಬೇಕು, ಮಗ ಚೆನ್ನಾಗಿರುವಾಗಲೇ. ಮೊದಲ ಕೆಲವು ದಿನ ಔಷಧಿಯೇ ಬೇಡ, ಬರೀ ಸ್ಪೇಸರ್ ಆಟದ ಸಾಮಾನಿನ ಜೊತೆ ಇರಲಿ. ನಿಮ್ಮ ಮುಖಕ್ಕೆ ಇಟ್ಟುಕೊಂಡು ತೋರಿಸಿ, ಬೊಂಬೆಗೆ ಇಡಲು ಅವನಿಗೇ ಕೊಡಿ. ಆಮೇಲೆ ಅವನ ಕೆನ್ನೆಗೆ, ಆಮೇಲೆ ಮೂಗು ಬಾಯಿಗೆ ಒಂದು ಕ್ಷಣ. ಪ್ರತಿ ಸಲವೂ ಒಂದೇ ಧ್ವನಿಯಲ್ಲಿ ಐದರವರೆಗೆ ಎಣಿಸಿ ತೆಗೆಯಿರಿ. ಐದಕ್ಕೆ ಮುಗಿಯುತ್ತದೆ ಎಂಬ ನಂಬಿಕೆ ಅವನಿಗೆ ಬರಬೇಕು, ಆದ್ದರಿಂದ ಏಳಕ್ಕೆ ಎಳೆಯಬೇಡಿ. ಡಾಕ್ಟರು ದಿನಾ ಹಾಕುವ ಸ್ಟೆರಾಯ್ಡ್ ಇನ್‌ಹೇಲರ್ ಬರೆದಿದ್ದರೆ ಅದನ್ನು ತಪ್ಪಿಸದೆ ಕೊಡಿ. ದಾಳಿ ಬರದಂತೆ ತಡೆಯುವುದು ಅದೇ, ಜೊತೆಗೆ ದಿನಾ ಅಭ್ಯಾಸವೂ ಆಗುತ್ತದೆ. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ. ಆಸ್ಪತ್ರೆಗೆ ಹೋಗುವಾಗ ಅವನದೇ ಸ್ಪೇಸರ್ ಒಯ್ಯಿರಿ. ಅವನಿಗೆ ಗುರುತಿರುವುದು ಅದು.

ಔಷಧಿಗಳಿಂದ ನಡವಳಿಕೆ ಬದಲಾಗುವುದನ್ನೂ ತಿಳಿದಿರಿ. ಸಾಲ್ಬುಟಮಾಲ್ ಜಾಸ್ತಿ ಹೋದಾಗ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಮಗು ಒಂದು ಕಡೆ ಕೂರುವುದಿಲ್ಲ. ಪ್ರೆಡ್ನಿಸೊಲೋನ್ (ದಾಳಿಯಾದಾಗ ಬಾಯಿಗೆ ಕೊಡುವ ಸ್ಟೆರಾಯ್ಡ್) ಕೊಟ್ಟ ದಿನಗಳಲ್ಲಿ ಸಿಡುಕು, ನಿದ್ದೆಗೇಡು ಸಾಮಾನ್ಯ. ಅದು ಕಹಿ ಬೇರೆ. ಉಗಿದುಬಿಡುವ ಮಗುವಾದರೆ ಇನ್ನೊಂದು ಸ್ಟೆರಾಯ್ಡ್ ಆದ ಡೆಕ್ಸಾಮೆಥಾಸೋನ್ ಆಗುತ್ತದಾ ಎಂದು ಕೇಳಿ, ಅದು ಒಂದೆರಡು ದಿನಕ್ಕೆ ಮುಗಿಯುತ್ತದೆ. ಉಬ್ಬಸ ತಡೆಯಲು ದಿನಾ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಕೆಟ್ಟ ಕನಸು, ಆಕ್ರಮಣ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದೆಂದು 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ತನ್ನ ಅತಿ ಕಟ್ಟುನಿಟ್ಟಾದ ಎಚ್ಚರಿಕೆ ಹಾಕಿಸಿತು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಹೇಳಿಕೊಳ್ಳಲು ಬಾರದ ಮಗುವಿನಲ್ಲಿ ಇಂಥದ್ದು ಶುರುವಾದರೆ ಮತ್ತೆ ಆಟಿಸಂ ಮೇಲೇ ಹೊರಿಸುವ ಅಪಾಯ ಇದೆ. ಶುರು ಮಾಡಿದ ತಾರೀಖು ಬರೆದಿಡಿ, ಬದಲಾವಣೆ ಕಂಡರೆ ಅಂದೇ ಡಾಕ್ಟರಿಗೆ ಹೇಳಿ. ಎಡಿಎಚ್‌ಡಿಗೆ ಅಟೊಮೊಕ್ಸೆಟಿನ್ ತೆಗೆದುಕೊಳ್ಳುವ ಮಕ್ಕಳ ತಂದೆತಾಯಿ ಎಮರ್ಜೆನ್ಸಿಯಲ್ಲಿ ಅದನ್ನು ಮೊದಲೇ ಹೇಳಬೇಕು, ಸಾಲ್ಬುಟಮಾಲ್ ಜೊತೆ ಸೇರಿದರೆ ಹೃದಯದ ಬಡಿತ ಇನ್ನಷ್ಟು ಏರಬಹುದು.

ವಾರ್ಡಿನಲ್ಲಿ ನೀವು ಕೇಳಬಹುದಾದದ್ದು ಇನ್ನೂ ಇದೆ. ಮೂಲೆಯ ಹಾಸಿಗೆ, ಕಡಿಮೆ ಬೆಳಕು, ಒಂದು ಸಲಕ್ಕೆ ಒಬ್ಬರೇ ಮಾತಾಡುವುದು. ಬಿ.ಪಿ., ಜ್ವರ, ಆಕ್ಸಿಜನ್ ಎಲ್ಲವನ್ನೂ ಒಟ್ಟಿಗೇ ನೋಡಿ ಮುಗಿಸುವುದು. ಮಾಮೂಲಿ ಉಬ್ಬಸಕ್ಕೆ ಎಕ್ಸ್‌ರೇ, ರಕ್ತ ಪರೀಕ್ಷೆ ಪ್ರತಿ ಸಲವೂ ಬೇಕಾಗುವುದಿಲ್ಲ, "ಇದು ಈಗಲೇ ಬೇಕಾ?" ಎಂದು ವಿಚಾರಿಸಿ. ಸೂಜಿ ಚುಚ್ಚುವ ತುರ್ತು ಇಲ್ಲದಿದ್ದರೆ ಮರಗಟ್ಟಿಸುವ ಕ್ರೀಮ್ ಹಚ್ಚಿಸಿ, ಅದಕ್ಕೆ ಸುಮಾರು ಒಂದು ಗಂಟೆ ಬೇಕು.

ಮನೆಗೆ ಕಳಿಸುವಾಗ ಬರೆದ ಪ್ಲಾನ್ ಇಲ್ಲದೆ ಹೊರಡಬೇಡಿ. ಯಾವ ಇನ್‌ಹೇಲರ್ ದಿನಾ, ಯಾವುದು ಉಬ್ಬಸ ಬಂದಾಗ, ಎಷ್ಟು ಪಫ್, ಎಲ್ಲ ಅದರಲ್ಲಿರಬೇಕು. ಶಾಲೆಗೂ ಒಂದು ಪ್ರತಿ ಕೊಡಿ. ನೀವು ಸ್ಪೇಸರ್ ಹಿಡಿಯುವ ರೀತಿ ಸರಿಯಿದೆಯಾ ಎಂದು ಅಲ್ಲಿಯೇ ನರ್ಸಿಗೆ ತೋರಿಸಿ. ಒಂದೆರಡು ದಿನದಲ್ಲಿ ಡಾಕ್ಟರು ಮತ್ತೆ ನೋಡಬೇಕು, ಅದರ ಸಮಯವನ್ನೂ ಹೊರಡುವ ಮುಂಚೆ ಗೊತ್ತು ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಸಾಲ್ಬುಟಮಾಲ್ ಕೊಟ್ಟು 4 ಗಂಟೆ ಆಗುವ ಮೊದಲೇ ಮತ್ತೆ ಬೇಕು ಅನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ, ವಾಪಸ್ ಕರೆದುಕೊಂಡು ಹೋಗಿ.