ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ವಲಸಿಗ ಯಹೂದಿ ಮನೆಗಳಿಗೆ ಮಿಲಿಟರಿ ಟ್ರಿಬ್ಯುನಲ್‌ನಿಂದ ಏನಾಯ್ತು?

ಬ್ರಿಟನ್ನಲ್ಲಿ 1916ರ ಜನವರಿಯಲ್ಲಿ ಕಡ್ಡಾಯ ಸೈನ್ಯಸೇವೆ ಕಾನೂನು ಬಂತು, ಮೊದ್ಲು ಮದುವೆಯಾಗದವರಿಗೆ, ಮೇ ತಿಂಗಳಲ್ಲಿ ಮದುವೆಯಾದವರಿಗೂ. ವಿನಾಯಿತಿ ಬೇಕಿದ್ರೆ ಲೋಕಲ್ ಟ್ರಿಬ್ಯುನಲ್‌ಗೆ, ಅಂದ್ರೆ ಇಂಥ ಅರ್ಜಿ ಕೇಳಿ ತೀರ್ಮಾನ ಮಾಡೋ ಮಂಡಳಿಗೆ, ಅರ್ಜಿ ಹಾಕ್ಬೇಕಿತ್ತು, ಕಾರಣ ಅನಾರೋಗ್ಯ, ದೇಶಕ್ಕೆ ಬೇಕಾದ ಕೆಲಸ, ಮನಸ್ಸಾಕ್ಷಿ ಇಲ್ಲಾ ಮನೆಯವರ ಕಷ್ಟ.

ವಲಸಿಗ ಯಹೂದಿಗಳು ತುಂಬಿದ್ದ ಲಂಡನ್ನಿನ ಪೂರ್ವ ಭಾಗ ಈಸ್ಟ್ ಎಂಡ್‌ನ ಟೈಲರ್ ಮನೆಗಳಿಗೆ ಹೆಚ್ಚು ನಾಟಿದ್ದು ಈ ಕೊನೇದು. ಒಂದೇ ರೂಮು, ಅದ್ರಲ್ಲೇ ಹೊಲಿಗೆ ಮೆಷಿನ್ನು, ಇಸ್ತ್ರಿ, ಮಕ್ಕಳು; ಅಪ್ಪ ಅಮ್ಮ ರಷ್ಯಾದಿಂದ ಬಂದವರು, ಯಹೂದಿಗಳ ಮನೆಮಾತು ಯಿಡ್ಡಿಶ್ ಮಾತ್ರ ಬರುತ್ತೆ, ಇಂಗ್ಲಿಷ್ ಬರೋ ಮಗ ಹೋದ್ರೆ ಗಿರಾಕಿ ಹತ್ರ ಮಾತಾಡೋರೇ ಇಲ್ಲ. ಆ ಮಗ ಇಲ್ಲೇ ಹುಟ್ಟಿದ್ರೆ ಬ್ರಿಟಿಷ್ ಪ್ರಜೆ, ಸೈನ್ಯಕ್ಕೆ ಹೋಗ್ಲೇಬೇಕು, ಅದೇ ಮನೇಲಿ ಅಪ್ಪ ಮಾತ್ರ ವಿದೇಶಿ ಪ್ರಜೆ, ಈ ಕಾನೂನು ಅವನಿಗಿರಲಿಲ್ಲ.

ಅಪ್ಪನಂಥವರಿಗೂ ಆಮೇಲೆ ಬಿಡಲಿಲ್ಲ. ಗೃಹಮಂತ್ರಿ ಹರ್ಬರ್ಟ್ ಸ್ಯಾಮ್ಯುಯೆಲ್, ಅವರೂ ಯಹೂದಿನೇ, 1916ರಲ್ಲಿ ಸೈನ್ಯ ಸೇರಿ ಇಲ್ಲಾ ರಷ್ಯಾಕ್ಕೆ ಕಳಿಸ್ತೀವಿ ಅಂದ್ರು. ಯಾವ ಝಾರ್ (ರಷ್ಯಾದ ಚಕ್ರವರ್ತಿ) ಕಾಟಕ್ಕೆ ಊರು ಬಿಟ್ಟು ಬಂದ್ರೋ ಅದೇ ಝಾರ್ ಕೈಗೆ! ನನಗಂತೂ ಇದನ್ನ ಕ್ಷಮಿಸೋಕಾಗಲ್ಲ. 1917ರ ಜುಲೈಯಲ್ಲಿ, ಝಾರ್ ಇಳಿದ ಮೇಲೆ, ಬ್ರಿಟನ್ ರಷ್ಯಾ ಎರಡೂ ಸರ್ಕಾರ ಇಲ್ಲೀ ಸೈನ್ಯ ಇಲ್ಲಾ ರಷ್ಯಾದ ಸೈನ್ಯ ಅಂತ ಒಪ್ಪಂದ ಮಾಡ್ಕೊಂಡ್ವು, ಕೆಲವು ಸಾವಿರ ಗಂಡಸರು ಹೆಂಡತಿ ಮಕ್ಕಳನ್ನ ಲಂಡನ್ನಲ್ಲೇ ಬಿಟ್ಟು ರಷ್ಯಾಕ್ಕೆ ಹಡಗು ಹತ್ತಿದ್ರು, ಅಷ್ಟರಲ್ಲಿ ಅಲ್ಲಿ ಬೊಲ್ಶೆವಿಕ್ (ಲೆನಿನ್ ಪಕ್ಷದ) ಕ್ರಾಂತಿ ಆಗಿ ಎಷ್ಟೋ ಜನಕ್ಕೆ ವಾಪಸ್ ಬರೋಕೇ ಆಗ್ಲಿಲ್ಲ.

ಟ್ರಿಬ್ಯುನಲ್ ಕಾಗದಪತ್ರಗಳಲ್ಲಿ ಹೆಚ್ಚಿನವನ್ನ ಯುದ್ಧದ ನಂತರ ಸರ್ಕಾರವೇ ನಾಶ ಮಾಡಿಸ್ತು, ಲಂಡನ್ ಪಕ್ಕದ ಮಿಡಲ್‌ಸೆಕ್ಸ್ ಜಿಲ್ಲೆಯ ಮೇಲ್ಮನವಿ ಟ್ರಿಬ್ಯುನಲ್‌ದು ಉಳಿದಿದೆ, ಇಂಥ ಕಾಗದ ಹುಡುಕೋರು ಅಲ್ಲಿಂದ ಶುರು ಮಾಡ್ಬಹುದು, ಈಸ್ಟ್ ಎಂಡ್ ಮಾತ್ರ ಆ ಜಿಲ್ಲೆಗೆ ಸೇರಿರಲಿಲ್ಲ.